ಅತ್ತೆ ಹತ್ತಿದ ಕಯಾಕು

ದೋಣಿ ಮನೆಯಲ್ಲಿರಬೇಕೋ ಬೇಡವೋ ಎನ್ನುವ ಪಂಚಾಯಿತಿ ಅತ್ತೆಯ ಮುಂದೆ ಹೋದಾಗಲೇ ಸೊಸೆ ಅರ್ಧ ಸೋತಿದ್ದಳು. ಅತ್ತೆ ಊರ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಸ್ವಂತ ಗಂಡ ಬಸ್ಸು ಹತ್ತಿದಾಗಲೂ ಮುಖ ನೋಡದೆ ಟಿಕೆಟ್ ಹರಿದು ಕೊಟ್ಟವರು. ಅಂಥವರ ಹತ್ತಿರ ಕಣ್ಣೀರೂ ನಡೆಯುವುದಿಲ್ಲ, ಬಿಸಿ ಕಾಫಿಯೂ ನಡೆಯುವುದಿಲ್ಲ.

ಫಿರ್ಯಾದಿ ಗಂಡ. ಬಂದರಿನ ಕ್ಯಾಂಟೀನಿನಲ್ಲಿ ಅಡುಗೆಯವನು. ಬೆಳಗಾಗುವ ಮೊದಲೇ ಎದ್ದು, ಮಗಳು ಎದ್ದುಬಿಟ್ಟಾಳೆಂದು ದೀಪ ಹಾಕದೆ, ಕಳ್ಳನಂತೆ ಮನೆಯಿಂದ ಹೊರಬೀಳುವುದು ಅವನ ದಿನಚರಿ. ಆ ದಾರಿಯಲ್ಲಿ, ಅಡುಗೆಮನೆಗೂ ಬಾಗಿಲಿಗೂ ನಡುವಿನ ಓಣಿಯಂಥ ಜಾಗದಲ್ಲಿ, ಕುಂಬಳಕಾಯಿ ಬಣ್ಣದ ಎರಡು ಸೀಟಿನ ಕಯಾಕ್ ದೋಣಿ ಮಗ್ಗುಲಾಗಿ ಮಲಗಿರುತ್ತಿತ್ತು. ಮೇಲಿನ ಮನೆಯವರು ಊರು ಬಿಡುವಾಗ ಸೊಸೆಗೆ ಕೊಟ್ಟುಹೋದದ್ದು. ದೋಣಿಯೆಂದರೆ ಕೊಡೆಯೇ, ಮೂಲೆಗೆ ಒರಗಿಸಲು?

"ಅಮ್ಮಾ, ನೋಡು ನನ್ನ ಮೊಣಕಾಲು," ಎಂದು ಅವನು ಪ್ಯಾಂಟು ಮಡಚಿ ತೋರಿಸಿದ. "ಹೀರೇಕಾಯಿ ಇದ್ದ ಹಾಗಿದೆ. ನಮ್ಮ ಕ್ಯಾಂಟೀನಲ್ಲಿ ತರಕಾರಿಗೂ ಇಷ್ಟು ಪೆಟ್ಟು ಬೀಳಲ್ಲ."

"ಮೀನು ತರ್ತೀನಿ ಅಂತ ತಾನೆ ನೀನು ದೋಣಿ ಇಟ್ಕೊಂಡಿದ್ದು?" ಅತ್ತೆ ಸೊಸೆಯನ್ನು ಕೇಳಿದರು.

"ಹೌದು ಅತ್ತೆ."

"ಇಲ್ಲೀವರೆಗೆ ಎಷ್ಟು ತಂದೆ?"

ಸೊಸೆ ಗೋಡೆಯ ಕಡೆ ನೋಡಿದಳು. ಗೋಡೆಗೆ ಏನೂ ಗೊತ್ತಿರಲಿಲ್ಲ.

"ಸರಿ. ಈ ಭಾನುವಾರ ಇವಳು ಒಂದು ಮೀನು ಹಿಡಿದರೆ ದೋಣಿ ಇರುತ್ತೆ. ಇಲ್ಲ ಅಂದ್ರೆ ಹೋಗುತ್ತೆ. ಮುಗೀತು."

"ಮಾರ್ಕೆಟ್ಟಿಂದ ತಂದು ನಾನೇ ಹಿಡಿದೆ ಅಂದ್ರೆ?" ಎಂದ ಗಂಡ.

"ಅದಕ್ಕೇ ನಾನೂ ಹೋಗ್ತೀನಿ," ಎಂದರು ಅತ್ತೆ.

ಸೊಸೆಯ ಉಳಿದರ್ಧವೂ ಸೋತದ್ದು ಆ ಕ್ಷಣದಲ್ಲಿ. ಮೀನು ಬರೀ ನೆಪವಾಗಿತ್ತು. ಅವಳು ಹಲ್ಲಿನ ಡಾಕ್ಟರೊಬ್ಬರ ಹಿಂದಿನ ಕೋಣೆಯಲ್ಲಿ ಹಲ್ಲುಸೆಟ್ಟು ಮಾಡುವವಳು. ವಾರವಿಡೀ ಮೇಣ, ಗಾರೆ, ಉಜ್ಜುವ ಚಕ್ರ ಮತ್ತು ಯಾರ್‍ಯಾರದೋ ಬಾಯಿಯ ಅಚ್ಚುಗಳು. ಮನೆಗೆ ಬಂದರೆ ಅಮ್ಮಾ, ಏನೇ, ಏ ಹುಡುಗಿ. ಭಾನುವಾರ ಬೆಳಿಗ್ಗೆ ಬಂದರಿನ ನೀರಿನ ಮೇಲೆ ಮಾತ್ರ ಅವಳನ್ನು ಕರೆಯುವವರು ಯಾರೂ ಇರಲಿಲ್ಲ. ಒಂದು ಸುಳ್ಳು ಮೀನನ್ನು ದಾರಕ್ಕೆ ಕಟ್ಟಿ ದೋಣಿಯ ಹಿಂದೆ ಬಿಟ್ಟು, ನಿಧಾನಕ್ಕೆ ಹುಟ್ಟು ಹಾಕುತ್ತ, ಹಡಗುಗಳ ಹೊಟ್ಟೆಯ ನೆರಳಿನಲ್ಲಿ ಅದನ್ನು ಎಳೆದುಕೊಂಡು ತಿರುಗುವುದು. ಅಷ್ಟೇ. ಮೀನು ಬಾರದಿದ್ದರೆ ಅವಳಿಗೆ ಬೇಸರವೇ ಆಗುತ್ತಿರಲಿಲ್ಲ. ಈಗ ಆ ನೆಪವೇ ತಿರುಗಿ ಕುತ್ತಿಗೆಗೆ ಬಂದಿತ್ತು.

ಭಾನುವಾರ ಬಂತು. ದೋಣಿಗಳು ನಿಲ್ಲುವ ಧಕ್ಕೆಯ ಪಕ್ಕದ ಇಳಿಜಾರಿನಲ್ಲಿ ಅತ್ತೆ ಲೈಫ್ ಜಾಕೆಟ್ಟಿನೊಳಗೆ ತಮ್ಮನ್ನು ತುಂಬಿಕೊಂಡರು. ಜಾಕೆಟ್ಟಿನ ಭುಜಕ್ಕೆ ದಾರದಲ್ಲಿ ನೇತುಬಿದ್ದಿದ್ದ ಪುಟ್ಟ ಸಿಳ್ಳೆಯನ್ನು ನೋಡಿದ್ದೇ ಅವರ ಕಣ್ಣು ಅರಳಿದವು.

"ವಿಷಲ್ಲು!"

"ಅದು ಅಪಾಯ ಆದಾಗ ಊದೋದು ಅತ್ತೆ."

"ನಂಗೆ ವಿಷಲ್ ಊದೋದು ಹೇಳಿಕೊಡ್ತೀಯಾ?"

ಮುಂದಿನ ಸೀಟಿನಲ್ಲಿ ಅತ್ತೆ, ಹಿಂದಿನದರಲ್ಲಿ ಸೊಸೆ. ಅತ್ತೆಯ ಕೈಗೂ ಒಂದು ಹುಟ್ಟು ಬಂತು. ಅಲ್ಲಿಂದ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದರ ಸಾಕ್ಷಾತ್ ಪ್ರಾತ್ಯಕ್ಷಿಕೆ. ಸೊಸೆ ಬಲಕ್ಕೆ ಹಾಕಿದರೆ ಅತ್ತೆ ಎಡಕ್ಕೆ. ಸೊಸೆ ಎಡಕ್ಕೆ ಬಂದರೆ ಅತ್ತೆ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಎದುರಿನ ಕ್ರೇನಿನ ಮೇಲೆ ಕೂತ ಹಕ್ಕಿಯನ್ನು ನೋಡುತ್ತಿದ್ದರು. ದೋಣಿ ಇದ್ದಲ್ಲೇ ಒಂದು ಸುತ್ತು ಹೊಡೆದು, ಹೊರಟ ಧಕ್ಕೆಗೇ ಬಂದು ಮೂತಿ ಒರೆಸಿಕೊಂಡಿತು.

"ಏನೇ, ಇದೇನಾ ನೀನು ಇಷ್ಟು ದಿನ ಬರ್ತಿದ್ದ ಜಾಗ? ನಡಕೊಂಡೇ ಬರಬಹುದಿತ್ತಲ್ಲ."

"ಅತ್ತೆ, ನೀವು ಹುಟ್ಟು ಮೇಲಿಟ್ಟುಕೊಂಡು ಸುಮ್ಮನೆ ಕೂತ್ಕೊಳ್ಳಿ. ನಾನು ಓಡಿಸ್ತೀನಿ."

"ಅದನ್ನ ಮೊದಲೇ ಹೇಳ್ಬೇಕು. ಓಡಿಸೋದು ಯಾವತ್ತೂ ನನ್ನ ಡ್ಯೂಟಿ ಅಲ್ಲ," ಎಂದು ಅತ್ತೆ ನಿರಾಳವಾಗಿ, "ರೈಟ್!" ಎಂದರು.

ಹೊರಟಿತು. ಮೀನುದೋಣಿಗಳ ಸಾಲು ದಾಟಿ, ತೇಲುವ ಕೆಂಪು ಪೀಪಾಯಿ ದಾಟಿ, ಡೀಸೆಲ್ ವಾಸನೆ ತೆಳುವಾದ ಮೇಲೆ ಸೊಸೆ ತನ್ನ ಸುಳ್ಳು ಮೀನನ್ನು ತೆಗೆದಳು. ಅಂಗಡಿಯ ಮಾಲಲ್ಲ. ಹಲ್ಲುಸೆಟ್ಟಿಗೆ ಬಳಸುವ ಅದೇ ಗುಲಾಬಿ ಅಂಟಿನಲ್ಲಿ ಹೊಟ್ಟೆ, ಹಲ್ಲಿನ ಬಿಳಿಯಲ್ಲಿ ಬೆನ್ನು, ಕೆಳಗೆ ಎರಡು ಗಾಳದ ಮುಳ್ಳು. ಊಟದ ಬಿಡುವಿನಲ್ಲಿ ಕೂತು ಉಜ್ಜಿ ಉಜ್ಜಿ ಮಿಂಚಿಸಿದ್ದಳು.

ಅತ್ತೆ ಹಿಂತಿರುಗಿ ನೋಡಿ ಬಾಯಿ ಮುಚ್ಚಿಕೊಂಡರು. "ಇದು ನನ್ನ ಒಸಡಿನ ಬಣ್ಣ ಅಲ್ವೇನೇ?"

"ನಿಮ್ಮ ಸೆಟ್ಟು ಮಾಡಿದ ಡಬ್ಬಿಯದೇ ಅತ್ತೆ. ಸ್ವಲ್ಪ ಉಳಿದಿತ್ತು."

"ಹಾಳಾದವಳೇ! ನನ್ನ ಬಾಯೀನ ನೀರಿಗೆ ಬಿಡ್ತಿದೀಯ! ಹಾಗಾದ್ರೆ ಮೀನು ಖಂಡಿತ ಬರುತ್ತೆ ಬಿಡು. ಈ ಬಾಯಿಗೆ ಹೆದರಿ ಹತ್ತದೇ ಇದ್ದವರು ಯಾರೂ ಇಲ್ಲ."

ಸೊಸೆ ದಾರ ಬಿಟ್ಟಳು. ಹಲ್ಲುಮೀನು ನೀರಿಗಿಳಿದು, ಸೊಂಟ ಬಳುಕಿಸುತ್ತ, ಹಿಂದೆ ಹಿಂದೆ ಹೋಗಿ ಕಾಣೆಯಾಯಿತು. ಗಾಳದ ಕೋಲನ್ನು ಸೀಟಿನ ಪಕ್ಕದ ಕೊಳವೆಗೆ ಸಿಕ್ಕಿಸಿದಳು. ಕೋಲಿನ ತುದಿ ಹೌದು ಹೌದು ಎಂದು ತಲೆಯಾಡಿಸತೊಡಗಿತು. ಹಾಗೆ ಆಡಿಸುತ್ತಿದ್ದರೆ ಕೆಳಗೆ ಸುಳ್ಳು ಮೀನು ಸರಿಯಾಗಿ ಈಜುತ್ತಿದೆ ಎಂದರ್ಥ. ಬೇಗ ಹೋದರೆ ಅದು ಮೇಲೆ ಹಾರುತ್ತದೆ, ನಿಂತರೆ ಮುಳುಗುತ್ತದೆ. ಮಗುವನ್ನು ನಡೆಸಿಕೊಂಡು ಹೋಗುವ ವೇಗದಲ್ಲಿ ಹೋಗುತ್ತಲೇ ಇರಬೇಕು.

ಒಂದಷ್ಟು ಹೊತ್ತು ಇಬ್ಬರೂ ಮಾತಾಡಲಿಲ್ಲ. ಅತ್ತೆಗೆ ಅದು ದಾಖಲೆ.

"ಏ ಹುಡುಗಿ," ಎಂದರು ಕೊನೆಗೆ, ತಿರುಗದೆ. "ಏನಿದೆ ಅಂತ ಬರ್ತೀಯ ಇಲ್ಲಿಗೆ?"

ಬೆನ್ನಿಗೆ ನಿಜ ಹೇಳುವುದು ಸುಲಭ. "ಇಲ್ಲಿ ಯಾರೂ ನನ್ನ ಕರೆಯಲ್ಲ ಅತ್ತೆ."

ಅತ್ತೆಯ ಬೆನ್ನು ಏನೋ ಯೋಚಿಸುತ್ತಿದ್ದಂತೆ ಕಂಡಿತು. ಆಮೇಲೆ "ಹ್ಞೂಂ," ಎಂದರು. ಕಯಾಕ್ ಕಲ್ಲಿನ ತಡೆಗೋಡೆಯ ಉದ್ದಕ್ಕೂ ಸಾಗಿತ್ತು. ಬಿಸಿಲು ನೀರಿನ ಮೇಲೆ ಚಿಲ್ಲರೆ ಚೆಲ್ಲಿದಂತೆ ಬಿದ್ದಿತ್ತು.

ಆಗ ಹಿಂದಿನಿಂದ ಕಿರ್‍ರ್‍ರ್ ಎಂದಿತು.

ಕೋಲು ಬಿಲ್ಲಾಯಿತು. ರೀಲು ಕಿರುಚುತ್ತ ದಾರ ಬಿಡತೊಡಗಿತು. ಇಂಥ ಹೊತ್ತಲ್ಲಿ ಮಾಡಬೇಕಾದದ್ದು ಒಂದೇ: ಇನ್ನೂ ಜೋರಾಗಿ ಹುಟ್ಟು ಹಾಕಬೇಕು, ಮುಳ್ಳು ಗಟ್ಟಿಯಾಗಿ ನಾಟುವವರೆಗೆ. ಅವಳು ಹುಟ್ಟೆತ್ತಿದಳು.

"ಹೋಲ್ಡಾ‌ನ್!"

ಬಂದರಿನ ಹಕ್ಕಿಗಳೆಲ್ಲ ಎದ್ದವು. ಆ ದನಿಗೆ ಒಂದು ಕಾಲದಲ್ಲಿ ತುಂಬಿದ ಬಸ್ಸುಗಳು ಇಳಿಜಾರಿನಲ್ಲೂ ನಿಂತಿದ್ದವು, ಸೊಸೆಯ ಎರಡು ಕೈ ಯಾವ ಲೆಕ್ಕ! ಎತ್ತಿದ ಹುಟ್ಟು ಎತ್ತಿದಂತೆಯೇ ನಿಂತಿತು. ಸಾಲದ್ದಕ್ಕೆ ಅತ್ತೆ ತಮ್ಮ ಹುಟ್ಟನ್ನೂ ನೀರಿಗೆ ಊರಿ ದೋಣಿಗೆ ಬ್ರೇಕು ಹಾಕಿದರು. ದಾರ ಸಡಿಲವಾಯಿತು. ಕೋಲು ನೆಟ್ಟಗಾಯಿತು. ಮೀನು ತನ್ನ ದಾರಿ ಹಿಡಿಯಿತು.

"ಯಾಕತ್ತೆ ನಿಲ್ಲಿಸಿದ್ರಿ?" ಸೊಸೆಗೆ ಅಳು ಬರುವುದೊಂದು ಬಾಕಿ.

"ಯಾರೋ ಹತ್ತಿದ್ರಲ್ಲೇ! ಹತ್ತುವಾಗ ಗಾಡಿ ನಿಲ್ಲಿಸ್ಬೇಕೋ ಬೇಡ್ವೋ? ಬಿದ್ದು ಕೈಕಾಲು ಮುರಿದ್ರೆ?"

"ಇಲ್ಲಿ ಹತ್ತುವಾಗ ಓಡಿಸ್ಬೇಕು ಅತ್ತೆ! ನಿಲ್ಲಿಸಿದ್ರೆ ಇಳಿದುಹೋಗ್ತಾರೆ!"

ಅತ್ತೆ ಈಗ ಪೂರ್ತಿ ಹಿಂದಕ್ಕೆ ತಿರುಗಿದರು. ಇಡೀ ಸೇವಾವಧಿಯಲ್ಲಿ ಇಂಥ ಕೆಟ್ಟ ನಿಯಮವನ್ನು ಅವರು ಕೇಳಿರಲಿಲ್ಲ. "ಹತ್ತುವಾಗ ಓಡಿಸೋದಾ? ನಮ್ಮ ಡಿಪೋದಲ್ಲಾಗಿದ್ರೆ ನಿನ್ನ ಸಸ್ಪೆಂಡ್ ಮಾಡ್ತಿದ್ರು." ಸ್ವಲ್ಪ ತಡೆದು, ದನಿ ಇಳಿಸಿ, "ದೊಡ್ಡದಿತ್ತೇನೇ?" ಎಂದರು.

"ಗೊತ್ತಿಲ್ಲ."

"ತಪ್ಪು ನಂದೇ ಬಿಡು. ಆದ್ರೆ ಲೆಕ್ಕಕ್ಕೆ ಬರಲ್ಲ. ದೋಣಿ ಒಳಗೆ ಬಂದದ್ದು ಮಾತ್ರ ಮೀನು."

ಬಾಯಿಗೆ ಬಂದ ತುತ್ತು ಕಸಿದುಕೊಂಡವರೇ ಕೈ ತೊಳೆದುಕೋ ಎಂದಂತಾಯಿತು. ಆದರೂ ಸೊಸೆ ಮತ್ತೆ ದಾರ ಬಿಟ್ಟಳು. ಮಧ್ಯಾಹ್ನದೊಳಗೆ ಮನೆಯಲ್ಲಿರಬೇಕು. ಬಿಸಿಲು ಏರಿದಷ್ಟೂ ಮೀನುಗಳು ಕೆಳಗಿಳಿಯುತ್ತವೆ. ತಡೆಗೋಡೆಯ ತುದಿಗೆ ಹೋಗಿ ತಿರುಗಿದಳು, ಸರಕು ಹಡಗಿನ ಬೆನ್ನಿಗೆ ಹೋಗಿ ತಿರುಗಿದಳು. ಕೋಲಿನ ತುದಿ ಸುಮ್ಮನೆ ಹೌದು ಹೌದು ಎನ್ನುತ್ತಲೇ ಇತ್ತು, ಸರಕಾರಿ ಕಚೇರಿಯ ಗುಮಾಸ್ತನಂತೆ. ಕುಂಬಳಕಾಯಿ ಬಣ್ಣದ ದೋಣಿ ಬೇರೆಯವರ ಹೆಗಲೇರಿ ಮೆಟ್ಟಿಲಿಳಿದು ಹೋಗುವುದು ಅವಳ ಕಣ್ಣಿಗೆ ಕಟ್ಟತೊಡಗಿತು.

ಫೆರಿ ಹಾಯುವ ದಾರಿಯ ಅಂಚಿನಲ್ಲಿ ಕೋಲು ಒಮ್ಮೆಲೇ ನೀರಿಗೆ ಮೂಗು ಅದ್ದಿತು. ಈ ಸಲ ರೀಲು ಕಿರುಚಲಿಲ್ಲ, ಊಳಿಟ್ಟಿತು.

"ಹತ್ತಿದ!" ಎಂದರು ಅತ್ತೆ. ಬಾಯಲ್ಲಿ ಹೋಲ್ಡಾನ್ ಬಂದೇಬಿಟ್ಟಿತ್ತು. ಅದನ್ನು ಎಡಗೈಯಿಂದ ಮುಚ್ಚಿಕೊಂಡು, ಬಲಗೈಯಿಂದ ಭುಜದ ಸಿಳ್ಳೆ ಕಿತ್ತು ಬಾಯಿಗಿಟ್ಟು, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಹಾಕಿ ಊದಿದರು. ಪೀಪ್ ಪೀಪ್! ಡಬಲ್ ವಿಷಲ್. ಹೊರಡು ಎಂದರ್ಥ. ಸೊಸೆ ಹೊರಟಳು. ಪೀಪ್ ಪೀಪ್! ಇನ್ನೂ ಜೋರು. ಪೀಪ್ ಪೀಪ್! ಮುಳ್ಳು ನಾಟಿತು.

ಸೊಸೆ ಹುಟ್ಟು ಬಿಸಾಕಿ ಕೋಲು ಹಿಡಿದುಕೊಂಡದ್ದೇ, ಮೀನು ದೋಣಿಯನ್ನು ಸುತ್ತಿ ಬಳಸಿ ಮುಂದಕ್ಕೆ ನುಗ್ಗಿತು. ದಾರ ಅತ್ತೆಯ ತಲೆಯ ಮೇಲಿಂದ ಹಾದು ಗುಂಯ್ ಎಂದಿತು. ಕಯಾಕ್ ಒಮ್ಮೆ ಹಿಂಜರಿದು, ಆಮೇಲೆ ತಾನಾಗಿಯೇ ಹೊರಟುಬಿಟ್ಟಿತು. ಹುಟ್ಟಿಲ್ಲ, ಗಾಳಿಯಿಲ್ಲ, ಮೋಟರಿಲ್ಲ. ಮೂತಿಯ ಎರಡೂ ಕಡೆ ನೀರು ಸೀಳಿಕೊಂಡು ಹೋಗುತ್ತಿತ್ತು.

"ಎಳೀತಿದೆ ಕಣೇ! ನಮ್ಮನ್ನೇ ಎಳ್ಕೊಂಡು ಹೋಗ್ತಿದೆ ಕಣೇ!"

"ತಲೆ ಬಗ್ಗಿಸಿ ಅತ್ತೆ!"

"ಬಗ್ಗಿಸಲ್ಲ! ನೋಡ್ಬೇಕು ನಾನು!"

ಎದುರಿಗೆ ಫೆರಿ ಬರುತ್ತಿತ್ತು. ಅದರ ಕಟಕಟೆಗೆ ಜನವೆಲ್ಲ ಬಂದು ಮುತ್ತಿಕೊಂಡರು. ಹುಟ್ಟು ಮುಟ್ಟದೆ ಓಡುತ್ತಿರುವ ದೋಣಿ, ಅದರಲ್ಲಿ ಸಿಳ್ಳೆ ಊದುತ್ತಿರುವ ಬಿಳಿಗೂದಲಿನ ಹೆಂಗಸು. ಯಾರೋ ಕೂಗಿದರು: "ಅಜ್ಜೀ, ಎಲ್ಲಿಗೆ?"

"ಎಕ್ಸ್‌ಪ್ರೆಸ್ಸು!" ಎಂದು ಅತ್ತೆ ಕೈಬೀಸಿದರು. "ನಿಲ್ಲಲ್ಲ!"

ಸೊಸೆಗೆ ನಗು ಒತ್ತರಿಸಿ ಬಂತು. ನಕ್ಕರೆ ಕೈ ಸಡಿಲ, ಕೈ ಸಡಿಲವಾದರೆ ದೋಣಿ ಹೋಯಿತು. ತುಟಿ ಕಚ್ಚಿಕೊಂಡು ರೀಲು ಸುತ್ತಿದಳು. ಮೀನು ಎಳೆದಷ್ಟು ಬಿಟ್ಟಳು, ಬಿಟ್ಟಾಗ ಸುತ್ತಿದಳು. ಮುಂಗೈ ಉರಿಯುತ್ತಿತ್ತು. ಅಷ್ಟರಲ್ಲಿ ಬೋರೆಂದು ಒಂದು ರಬ್ಬರ್ ದೋಣಿ ಪಕ್ಕಕ್ಕೆ ಬಂತು. ಬಂದರಿನ ಕಾವಲಿನವನು, ಉಸಿರು ಬಿಡುತ್ತ ಎದ್ದು ನಿಂತಿದ್ದ.

"ಯಾರು ಮುಳುಗಿದ್ದು? ಎಲ್ಲಿ ಮುಳುಗಿದ್ದು?"

"ಯಾರೂ ಮುಳುಗಿಲ್ಲಪ್ಪ. ಒಬ್ಬ ಹತ್ತಿದಾನೆ," ಎಂದರು ಅತ್ತೆ.

"ಮತ್ತೆ ಸಿಳ್ಳೆ ಊದಿದ್ರಲ್ಲ! ಆರಾರು ಸಲ! ನಾನು ತಿಂಡಿ ಬಿಟ್ಟು ಓಡಿ ಬಂದೆ ತಾಯೀ!"

"ಅದು ನಮ್ಮ ಡ್ರೈವರಿಗೆ ಊದಿದ್ದು. ನಿಂಗ್ಯಾರು ಬರೋಕೆ ಹೇಳಿದ್ದು?"

ಕಾವಲಿನವನು ಬಗ್ಗಿ ನೀರು ನೋಡಿದ. ಆಳದಲ್ಲಿ ಬೆಳ್ಳಿಯ ತಟ್ಟೆ ತಿರುಗಿಸಿದಂತೆ ಒಂದು ಮಿಂಚು. ಅವನ ಸಿಟ್ಟೆಲ್ಲ ಇಳಿದುಹೋಯಿತು. "ಅಯ್ಯಯ್ಯೋ, ಇದು ದೊಡ್ಡ ಗಿರಾಕಿ. ಬಲೆ ಎಲ್ಲಿ ನಿಮ್ದು?"

ಬಲೆ ಮನೆಯ ಬಾಗಿಲ ಹಿಂದೆ ಇತ್ತು. ಸೊಸೆಗೆ ಅದು ನೆನಪಾದದ್ದು ಆಗ.

"ನನ್ಹತ್ರ ದೊಡ್ಡ ಬಲೆ ಇದೆ. ಹಾಕ್ಲಾ?"

"ಹಾಕಿ ಅಣ್ಣಾ, ಬೇಗ!" ಎಂದಳು ಸೊಸೆ.

"ಮುಟ್ಟಬೇಡ!" ಎಂದರು ಅತ್ತೆ. "ಇನ್ನೊಂದು ಬಸ್ಸಿನವರು ಬಂದು ನಮ್ಮ ಪ್ಯಾಸೆಂಜರನ್ನ ಹತ್ತಿಸೋ ಹಾಗಿಲ್ಲ. ಆಮೇಲೆ ನನ್ನ ಮಗ ಕೇಳಿದ್ರೆ ನಾನೇನು ಹೇಳ್ಲಿ?"

"ಅತ್ತೆ, ದಮ್ಮಯ್ಯ!"

"ರೂಲ್ಸ್ ಅಂದ್ರೆ ರೂಲ್ಸು."

ಕಾವಲಿನವನು ಕೈಕಟ್ಟಿ ಕೂತ. ಬಿಟ್ಟುಬಂದ ತಿಂಡಿಗಿಂತ ಇದು ರುಚಿಯಾಗಿತ್ತು.

ಮೀನು ಸೋಲುತ್ತ ಬಂತು. ಒಂದು ಸುತ್ತು, ಇನ್ನೊಂದು ಸುತ್ತು, ಆಮೇಲೆ ಅತ್ತೆಯ ಸೀಟಿನ ಪಕ್ಕಕ್ಕೇ ತೇಲಿ ಬಂದು ಮಗ್ಗುಲಾಯಿತು. ತೋಳಿಗಿಂತ ಉದ್ದ, ಹಳದಿ ಬಾಲ, ತುಟಿಯಂಚಿನಲ್ಲಿ ಅತ್ತೆಯ ಒಸಡಿನ ಬಣ್ಣದ ಸುಳ್ಳು ಮೀನು ನೇತಾಡುತ್ತಿತ್ತು.

"ಅತ್ತೆ, ಮೂತಿ ಕಡೆ ಕೈ ಹಾಕ್ಬೇಡಿ, ಮುಳ್ಳಿದೆ. ಬಾಲದ ಬುಡ ಹಿಡೀರಿ. ಮೆಲ್ಲಗೆ. ಪೂರ್ತಿ ವಾಲಬೇಡಿ!"

ಹಬ್ಬದ ದಿನದ ಕೊನೆಯ ಬಸ್ಸಿನಲ್ಲಿ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇರುವವರನ್ನು ಕಂಕುಳಿಗೆ ಕೈಹಾಕಿ ಎಳೆದುಕೊಳ್ಳುವುದನ್ನು ಅತ್ತೆ ಎಷ್ಟು ಸಲ ಮಾಡಿದ್ದರೋ. ಅದೇ ಕೈ, ಅದೇ ವರಸೆ. "ಒಳಗೆ ಬಾರಪ್ಪ, ಒಳಗೆ ಬಾ, ಜಾಗ ಇದೆ," ಎನ್ನುತ್ತ ಎರಡೂ ತೋಳಿನಿಂದ ಮೀನನ್ನು ಬಾಚಿ ತಬ್ಬಿಕೊಂಡರು. ಏನಾಯಿತೆಂದು ನೋಡಲು ಸೊಸೆಯೂ ಅದೇ ಕಡೆ ಬಗ್ಗಿದಳು. ಬಗ್ಗಬಾರದಿತ್ತು.

ಕಯಾಕ್ ಯಾವ ಸಡಗರವೂ ಇಲ್ಲದೆ, ದೋಸೆ ಮಗುಚಿದಂತೆ ಮಗುಚಿಕೊಂಡಿತು.

ಸೊಸೆ ಮೇಲೆ ಬಂದು ಉಪ್ಪುನೀರು ಉಗಿದಳು. ಕೈಯಲ್ಲಿ ಕೋಲಿಲ್ಲ. ಎದುರಿಗೆ ದೋಣಿಯ ಹೊಟ್ಟೆ. ಅತ್ತೆ ಇಲ್ಲ. ಮೀನಂತೂ ಹೋಯಿತು, ದೋಣಿಯೂ ಹೋಯಿತು ಎಂದುಕೊಳ್ಳುವಷ್ಟರಲ್ಲಿ ಅತ್ತೆಯ ಬಿಳಿಗೂದಲು ನೀರು ಸೀಳಿಕೊಂಡು ಮೇಲೆದ್ದಿತು. ಅವರು ಬಾಯಿ ಬಿಗಿಯಾಗಿ ಮುಚ್ಚಿದ್ದರು, ಹಲ್ಲುಸೆಟ್ಟು ಬೀಳದಿರಲಿ ಎಂದು. ಅವರ ಎದೆಯ ಮೇಲೆ, ಹೆತ್ತ ಕೂಸಿನಂತೆ ತಬ್ಬಿಕೊಂಡ ತೋಳುಗಳ ನಡುವೆ, ಮೀನು ಪಟಪಟ ಬಾಲ ಬಡಿಯುತ್ತಿತ್ತು.

ಕಾವಲಿನವನು ಚಪ್ಪಾಳೆ ತಟ್ಟಿದ. ಸೊಸೆ ನಕ್ಕಳು. ನಗುತ್ತ ನೀರು ಕುಡಿದು, ಕೆಮ್ಮಿ, ಮತ್ತೆ ನಕ್ಕಳು. ಅತ್ತೆಯೂ ಮುಚ್ಚಿದ ಬಾಯಲ್ಲೇ ಉಹುಹು ಎಂದು ನಗುತ್ತಿದ್ದರು. ಇಬ್ಬರೂ ಬೆಂಡಿನಂತೆ ತೇಲುತ್ತ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು. ದೋಣಿ ಕವುಚಿಕೊಂಡು ಕಾಯುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಮನೆಯ ಬಾಗಿಲಲ್ಲಿ ಗಂಡ ನಿಂತಿದ್ದ, ಅವನ ಸೊಂಟ ಹಿಡಿದುಕೊಂಡು ಮಗಳು ನಿಂತಿದ್ದಳು. ಮೆಟ್ಟಿಲಿನುದ್ದಕ್ಕೂ ನೀರು ಸುರಿಸುತ್ತ ಮೊದಲು ಮೀನು ಬಂತು, ಅದರ ಹಿಂದೆ ಅತ್ತೆ, ಅವರ ಹಿಂದೆ ದೋಣಿ, ದೋಣಿಯ ಹಿಂದೆ ಸೊಸೆ.

ಅಡುಗೆಯವನ ಕೈ ತಾನಾಗಿಯೇ ಮೀನಿನ ಬೆನ್ನು ಸವರಿತು. ಆದರೂ ಫಿರ್ಯಾದಿಯಲ್ಲವೇ? "ಅಮ್ಮಾ, ನೀನು ಸುಳ್ಳು ಹೇಳಲ್ಲ. ಇದನ್ನ ಹಿಡಿದಿದ್ದು ಯಾರು?"

ಸೊಸೆ ನಸುನಗುತ್ತ ಅತ್ತೆಯ ಕಡೆ ನೋಡಿದಳು. ಅತ್ತೆ ಕೂದಲು ಹಿಂಡಿಕೊಂಡು, ಬಹಳ ಹೊತ್ತು ಯೋಚಿಸಿ, ಗಂಟಲು ಸರಿಮಾಡಿಕೊಂಡರು.

"ನಾನು," ಎಂದರು.

ಸೊಸೆಯ ನಗು ಮುಖದಲ್ಲೇ ಹೆಪ್ಪುಗಟ್ಟಿತು. "ಅತ್ತೆ!"

"ನಿಜ ಹೇಳ್ಬೇಕಲ್ಲಮ್ಮ. ದೋಣಿ ಮಗುಚಿದಾಗ ನಿನ್ನ ಕೈಲಿ ಕೋಲೂ ಇರಲಿಲ್ಲ, ದಾರಾನೂ ಇರಲಿಲ್ಲ. ಮೀನು ಇದ್ದದ್ದು ನನ್ನ ಕೈಲಿ. ಇವಳು ಹಿಡೀಲಿಲ್ಲ. ಮಾತು ಮಾತೇ. ಇವಳ ದೋಣಿ ಈ ಮನೇಲಿ ಇರೋ ಹಾಗಿಲ್ಲ."

"ಸರಿಯಾಗಿ ಹೇಳ್ದೆ ಅಮ್ಮ," ಎಂದ ಗಂಡ. ಆದರೆ ಅವನ ದನಿ ಯಾಕೋ ಸಣ್ಣಗಾಗಿತ್ತು. ಹೆಂಡತಿಯ ಮುಖ ನೋಡಿದ್ದ.

"ಅದಕ್ಕೇ ಇವತ್ತಿಂದ ಅದು ನನ್ನ ದೋಣಿ. ನನ್ನ ಕೋಣೆಯಲ್ಲಿ, ಮಂಚದ ಪಕ್ಕ ಇರುತ್ತೆ. ಯಾರಾದ್ರೂ ಏನಾದ್ರೂ ಹೇಳೋದಿದ್ಯಾ?"

ಮಗಳು ಮಾತ್ರ, "ಅಜ್ಜಿ, ನಿಮ್ಮ ಕಿವೀಲಿ ಹುಲ್ಲಿದೆ," ಎಂದಳು.

"ಇರ್ಲಿ ಬಿಡು. ಏ ಹುಡುಗಿ, ನಂಗೆ ಹುಟ್ಟು ಹಾಕೋಕೆ ಬರಲ್ಲ ಅಂತ ನಿಂಗೆ ಗೊತ್ತು. ಗಾಡಿ ಅಂದ್ಮೇಲೆ ಡ್ರೈವರ್ ಬೇಕು. ಭಾನುವಾರ ಬೆಳಿಗ್ಗೆ ಡ್ಯೂಟಿಗೆ ಬಂದ್ಬಿಡು."

ಸೊಸೆ ಒದ್ದೆ ಬಟ್ಟೆಯಲ್ಲಿ ನಿಂತು ಲೆಕ್ಕ ಹಾಕಿದಳು. ದೋಣಿ ಉಳಿಯಿತು. ಯಾರೂ ಕರೆಯದ ಬೆಳಗು ಹೋಯಿತು. ಮುಂದಿನ ಸೀಟಿನಲ್ಲಿ ಇನ್ನು ಮುಂದೆ ಯಾವಾಗಲೂ ಆ ಬೆನ್ನು, ಆ ವಿಷಲ್ಲು, ಹಕ್ಕಿಗಳನ್ನೆಬ್ಬಿಸುವ ಆ ದನಿ. ಇವತ್ತಿನಂಥ ಬೆಳಗು ಇನ್ನೊಂದು ಬೇಡವೇ ಎಂದು ಕೇಳಿಕೊಂಡರೆ ಬೇಕು ಎಂದೇ ಮನಸ್ಸು ಹಾರುತ್ತಿತ್ತು. ಹಾಗೆಂದು ಒಬ್ಬಳೇ ಇರುವ ಬೆಳಗನ್ನು ಪೂರ್ತಿ ಬಿಟ್ಟುಕೊಡಲು ಅದು ಒಪ್ಪುತ್ತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಅವಳು ಬಾಯಿಬಿಟ್ಟು ಏನನ್ನೂ ಕೇಳಿರಲಿಲ್ಲ.

"ಬರ್ತೀನಿ ಅತ್ತೆ," ಎಂದಳು. "ಆದ್ರೆ ಡ್ರೈವರಿಗೂ ರಜೆ ಅಂತ ಇರ್ಬೇಕಲ್ಲ. ವಾರ ಬಿಟ್ಟು ವಾರ. ರಜೆ ದಿನ ಗಾಡಿ ನನ್ನ ಕೈಲಿ. ಕಂಡಕ್ಟರ್ ಮನೇಲಿ."

"ಆಹಾ! ಯೂನಿಯನ್ ಬೇರೆ ಶುರುವಾಯ್ತಾ?" ಅತ್ತೆ ಕಣ್ಣು ಕಿರಿದು ಮಾಡಿ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಟಿಕೆಟ್ ಇಲ್ಲದೆ ಕೂತವರನ್ನು ನೋಡುವ ಹಾಗೆ. "ತಿಂಗಳಿಗೊಂದು ಸಲ."

"ವಾರ ಬಿಟ್ಟು ವಾರ."

"ತಿಂಗಳಿಗೊಂದು!"

"ಹಾಗಾದ್ರೆ ಮುಷ್ಕರ," ಎಂದು ಸೊಸೆ ನೆಲದ ಮೇಲೆ ಕೂತೇಬಿಟ್ಟಳು. ಸುತ್ತ ನೀರು ಹರಡಿತು. ಮಗಳಿಗೆ ಇದು ಬಹಳ ಹಿಡಿಸಿ, ಅವಳೂ ಓಡಿಬಂದು ಅಮ್ಮನ ಪಕ್ಕ ನೀರಿನಲ್ಲೇ ಕೂತಳು.

"ನೀವಿಬ್ಬರೂ ಮೊದಲು ಬಟ್ಟೆ ಬದಲಾಯಿಸಿ," ಎಂದು ಗಂಡ ಶುರುಮಾಡಿದ. "ಆಮೇಲೆ ಕೋಣೆ, ಮಂಚ ಎಲ್ಲ ನಿಧಾನಕ್ಕೆ..."

"ನೀನು ಸುಮ್ಮನಿರೋ, ಮಾತುಕತೆ ನಡೀತಿದೆ," ಎಂದು ಅತ್ತೆ ಮೀನನ್ನು ಅವನ ತೋಳಿಗೆ ಹಾಕಿ, ಸೊಸೆಯ ಎದುರಿಗೆ ಚಕ್ಕಳಮಕ್ಕಳ ಹಾಕಿಕೊಂಡು ಕೂತರು. "ಹ್ಞೂಂ, ಹೇಳು. ಮೂರು ವಾರಕ್ಕೊಂದು?"